ಕಂಡಕ್ಟರ್ ಕೈಗೆ ಕೊಟ್ಟ ಮಗು

ಬೆಂಗಳೂರಿನ ಸಿಟಿ ಬಸ್ಸುಗಳಲ್ಲಿ ನಾನು ಕೂತು ಪ್ರಯಾಣ ಮಾಡಿದ್ದೆಲ್ಲ ನನ್ನ ಮಕ್ಕಳ ಪುಣ್ಯ. ಹೀಗೆ ಒಪ್ಪಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಕಂಕುಳಲ್ಲಿ ಮಗುವಿಲ್ಲದ ದಿನ ನಾನು ಕಂಬಿಗೆ ಜೋತುಬಿದ್ದ ಇನ್ನೊಬ್ಬ ಗುಮಾಸ್ತ. ಮಗುವಿದ್ದ ದಿನ ನಾನು ಸಂಸಾರಸ್ಥ, ತಾಳ್ಮೆಯ ಮೂರ್ತಿ, 'ಅಯ್ಯೋ ಪಾಪ' ಅನ್ನಿಸಿಕೊಳ್ಳಲು ಎಲ್ಲ ರೀತಿಯಲ್ಲೂ ಯೋಗ್ಯನಾದ ಮನುಷ್ಯ. ಯಾರಾದರೊಬ್ಬರು ಎದ್ದು ಜಾಗ ಕೊಟ್ಟೇ ಕೊಡುತ್ತಿದ್ದರು. ಈ ರುಚಿ ಹತ್ತಿದ ಮೇಲೆ ಬಿಡುವುದು ಕಷ್ಟ. ಮಗಳು ಸಿಂಧು ಆರು ವರ್ಷದವಳಾಗಿ, ಎತ್ತಿಕೊಂಡರೆ ಅವಳ ಬೂಟು ನನ್ನ ಮೊಣಕಾಲಿಗೆ ಬಡಿಯುವಷ್ಟು ಉದ್ದವಾದ ಮೇಲೂ ಬಸ್ಸು ಕಾಣಿಸಿದ ಕೂಡಲೇ ಅವಳನ್ನು ಎತ್ತಿಕೊಳ್ಳುತ್ತಿದ್ದೆ. "ಅಪ್ಪ, ನಾನೇ ಹತ್ತುತೀನಿ ಬಿಡು" ಎಂದು ಅವಳು ಕೊಸರಾಡುವಳು. "ಸುಮ್ಮನಿರು, ನಿನಗೆ ಕಾಲು ನೋವು" ಎಂದು ನಾನು ಸಮಾಧಾನ ಮಾಡುವೆ.

ತೊಂಬತ್ತರ ದಶಕದ ನಡುವಿನ ಮಾತು ಇದು. ನಾನು ಚಳ್ಳಕೆರೆಯವನು, ಬೆಂಗಳೂರಿನ ಒಂದು ವಿಮಾ ಕಂಪನಿಯಲ್ಲಿ ಗುಮಾಸ್ತ. ನನ್ನ ಹೆಂಡತಿ ಉಮಾ ಮೊಳಕಾಲ್ಮೂರಿನವಳು, ಆಸ್ಪತ್ರೆಯೊಂದರಲ್ಲಿ ನರ್ಸ್. ಅವಳದು ಹೆಚ್ಚಾಗಿ ಬೆಳಗಿನ ಪಾಳಿ. ಊರೆಲ್ಲ ಇನ್ನೂ ಹಾಲಿನವನನ್ನು ಕಾಯುತ್ತಿರುವಾಗ ಅವಳು ತಲೆ ಬಾಚಿ, ಡಬ್ಬಿ ಕಟ್ಟಿ, ನನಗೆ ಬೇಕಾದಷ್ಟು ಸೂಚನೆಗಳನ್ನು ಕೊಟ್ಟು ಹೊರಟುಬಿಡುತ್ತಿದ್ದಳು. ಆಮೇಲೆ ಉಳಿದವರು ನಾವು ಮೂವರು: ಒಂದನೇ ಕ್ಲಾಸಿನ ಸಿಂಧು, ಎರಡು ವರ್ಷದ ಅಭಿ, ಮತ್ತು ನಾನು. ಅಭಿಯನ್ನು ಶಿಶುವಿಹಾರಕ್ಕೆ, ಸಿಂಧುವನ್ನು ಶಾಲೆಗೆ, ನನ್ನನ್ನು ಆಫೀಸಿಗೆ ಮುಟ್ಟಿಸುವ ಹೊಣೆ ನನ್ನದು. ಮೂರೂ ಒಂದೇ ಬಸ್ಸಿನ ದಾರಿಯಲ್ಲಿದ್ದವು. ದೇವರು ನನ್ನ ವಿಷಯದಲ್ಲಿ ಅಷ್ಟಾದರೂ ಯೋಚನೆ ಮಾಡಿದ್ದ.

ಸಿಟಿ ಬಸ್ಸಿನಲ್ಲಿ ಮುಂದಿನ ಬಾಗಿಲು ಹೆಂಗಸರದು, ಹಿಂದಿನ ಬಾಗಿಲು ಗಂಡಸರದು. ನಡುವೆ ಗೋಡೆಯಿಲ್ಲ, ಬೇಲಿಯಿಲ್ಲ, ಆದರೂ ಅವು ಬೇರೆ ಬೇರೆ ಎರಡು ದೇಶಗಳು. ಎರಡು ಕಡೆಗೂ ಓಡಾಡುವ ಹಕ್ಕು ಇದ್ದದ್ದು ಕಂಡಕ್ಟರಿಗೆ ಮತ್ತು ಮಕ್ಕಳಿಗೆ ಮಾತ್ರ. ಹಿಂದಿನ ಬಾಗಿಲಿನಿಂದ ಹತ್ತಿದ ನನ್ನ ಮಗಳು ಜನರ ಕಾಲಿನ ನಡುವೆ ನುಸುಳಿ ಮುಂದಿನ ದೇಶಕ್ಕೆ ವಲಸೆ ಹೋಗಿಬಿಡುತ್ತಿದ್ದಳು. ಅಲ್ಲಿ ಯಾರದೋ ಪಕ್ಕದಲ್ಲಿ ಒತ್ತಿಕೊಂಡು ಕೂತು, ಮನೆಯಲ್ಲಿ ಏನು ತಿಂಡಿ, ಅಮ್ಮ ಅಪ್ಪನಿಗೆ ಏನು ಬೈದಳು ಎಂಬ ಸುದ್ದಿಯನ್ನೆಲ್ಲ ಹಂಚುವಳು. ಮುಂದಿನಿಂದ ಕೆಲವು ಹೆಂಗಸರು ತಿರುಗಿ ತಿರುಗಿ ನನ್ನನ್ನು ನೋಡಿ ನಗುತ್ತಿದ್ದರೆ, ಉಪ್ಪಿಟ್ಟು ತಳ ಹಿಡಿದ ಕಥೆ ಹೊರಬಿತ್ತು ಎಂದು ನಾನು ಅರ್ಥ ಮಾಡಿಕೊಳ್ಳುತ್ತಿದ್ದೆ. ಹಾಗೆಂದು ನಾನು ನಿಶ್ಚಿಂತನಾಗಿರುತ್ತಿದ್ದೆ ಅಂದುಕೊಳ್ಳಬೇಡಿ. ಪ್ರತಿ ಸ್ಟಾಪಿನಲ್ಲೂ ಕತ್ತು ಉದ್ದ ಮಾಡಿ, "ಸಿಂಧೂ, ಇದ್ದೀಯಾ?" ಎಂದು ಕೂಗುತ್ತಿದ್ದೆ. "ಇದ್ದೀನಪ್ಪಾ" ಎಂದು ಆ ದೇಶದಿಂದ ಉತ್ತರ ಬರುತ್ತಿತ್ತು. ನಾಲ್ಕು ದಿನ ಕಳೆದ ಮೇಲೆ ಅವಳ ಬದಲು ಮುಂದಿನ ಹೆಂಗಸರೇ ಒಟ್ಟಿಗೆ, "ಇದ್ದಾಳೆ ಸರ್" ಎನ್ನಲು ಶುರುಮಾಡಿದರು.

ಅಭಿಯದು ಇನ್ನೊಂದು ಬಗೆ. ಮಕ್ಕಳು ಮೊದಲು ಆಡುವ ಮಾತು 'ಅಮ್ಮ' ಅಂತಾರೆ. ನನ್ನ ಮಗ ಮೊದಲು ಸ್ಪಷ್ಟವಾಗಿ ಆಡಿದ್ದು 'ಹೋಲ್ಡಾನ್'. ದಿನವೂ ಕಂಡಕ್ಟರ್ ಬಾಯಲ್ಲಿ ಕೇಳಿ ಕೇಳಿ ಕಲಿತದ್ದು. ಒಂದು ದಿನ ಬಸ್ಸು ರಭಸವಾಗಿ ಹೋಗುತ್ತಿರುವಾಗ ಇವನು ನನ್ನ ಹೆಗಲ ಮೇಲಿಂದ "ಹೋಲ್ಡಾಆನ್" ಎಂದು ಎಂಥ ಗತ್ತಿನಿಂದ ಕೂಗಿದ ಅಂದರೆ, ಡ್ರೈವರ್ ಅಭ್ಯಾಸಬಲದಿಂದ ಬ್ರೇಕ್ ಒತ್ತೇಬಿಟ್ಟ. ನಿಂತವರೆಲ್ಲ ಒಬ್ಬರ ಮೇಲೊಬ್ಬರು ವಾಲಿದರು. ಇಳಿಯುವವರು ಯಾರೂ ಇರಲಿಲ್ಲ. ಕಂಡಕ್ಟರ್ ನನ್ನ ಕಡೆ ನೋಡಿದ. ನಾನು ಕಿಟಕಿಯ ಹೊರಗೆ ನೋಡಿದೆ. ಅಭಿ ಮಾತ್ರ ಕೈ ಬೀಸಿ "ರೈಟ್" ಅಂದ, ಬಸ್ಸು ಹೊರಟಿತು.

ಬಸ್ಸಿಗಿಂತ ಕಷ್ಟದ್ದು ಬಸ್ ಸ್ಟಾಪು. ನಮ್ಮ ಮೊಳಕಾಲ್ಮೂರು ಸೀಮೆಯವರಿಗೆ ಅಶೋಕ ಚಕ್ರವರ್ತಿ ಹತ್ತಿರದ ನೆಂಟ. ಜಟಿಂಗ ರಾಮೇಶ್ವರನ ಬೆಟ್ಟದ ಬಂಡೆಯ ಮೇಲೆ ಅವನ ಶಾಸನವಿದೆ. ಅದನ್ನು ಓದಬಲ್ಲವರು ನಮ್ಮಲ್ಲಿ ಯಾರೂ ಇಲ್ಲ; ಉಮಾ ಕೂಡ ಚಿಕ್ಕವಳಿದ್ದಾಗ ಬೆಟ್ಟ ಹತ್ತಿ, ನೆರಳು ನೋಡಿ ಕೂತು ಚಿತ್ರಾನ್ನ ತಿಂದು, ಕೈ ತೊಳೆದು ಇಳಿದು ಬಂದವಳು. ತಂದೆತಾಯಿಯ ಮಾತು ಕೇಳಬೇಕು ಎಂದು ಅದರಲ್ಲಿ ಬರೆದಿದೆಯಂತೆ. ಅದಿರಲಿ. ಆದರೆ 'ರಸ್ತೆಯ ಎರಡೂ ಬದಿಗಳಲ್ಲಿ ಸಾಲುಮರಗಳನ್ನು ನೆಡಿಸಿದನು' ಎಂದು ಅವನ ಬಗ್ಗೆ ಬರೆದು ಪಾಸಾಗದ ಕನ್ನಡಿಗನಿಲ್ಲ. ಆ ಉತ್ತರ ಬರೆಯುವಾಗ ಇದೇನು ದೊಡ್ಡ ಸಾಧನೆ ಅನ್ನಿಸಿತ್ತು ನನಗೆ. ನಮ್ಮ ಬಡಾವಣೆಯ ಬಸ್ ಸ್ಟಾಪಿನಲ್ಲಿ ನಿಂತ ಮೇಲೆ ಚಕ್ರವರ್ತಿಯ ಹಿರಿಮೆ ತಿಳಿಯಿತು. ಅಲ್ಲಿ ಮರವಿಲ್ಲ, ಚಾವಣಿಯಿಲ್ಲ, ನಂಬರು ಬರೆದ ಒಂದು ಕಬ್ಬಿಣದ ಕಂಬ ಮಾತ್ರ. ಏಪ್ರಿಲ್ ತಿಂಗಳಲ್ಲಿ ನಾವೆಲ್ಲ ಆ ಕಂಬದ ಗೀಟಿನಂಥ ನೆರಳಿನಲ್ಲಿ ಒಬ್ಬರ ಹಿಂದೊಬ್ಬರು ನಿಲ್ಲುತ್ತಿದ್ದೆವು. ದಾರಿಹೋಕರು ಅದನ್ನು ನೋಡಿ ಬೆಂಗಳೂರಿನ ಜನಕ್ಕೆ ಎಂಥ ಶಿಸ್ತು ಎಂದು ಮೆಚ್ಚಿಕೊಂಡು ಹೋಗಿರಬಹುದು.

ಇಷ್ಟೆಲ್ಲ ಪಾಡು ಪಡುವಾಗ ನನಗೆ ನಮ್ಮ ಕಡೆಯ ಬಸ್ಸುಗಳು ನೆನಪಾಗುತ್ತಿದ್ದವು. ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗುವ ಪ್ರೈವೇಟ್ ಬಸ್ಸಿಗೆ ಹೊತ್ತುಗೊತ್ತು ಇರಲಿಲ್ಲ, ಆದರೆ ಮುಖಪರಿಚಯ ಇತ್ತು. ಅದು ಜನರನ್ನಷ್ಟೇ ಒಯ್ಯುತ್ತಿರಲಿಲ್ಲ. ತಳಕಿನಲ್ಲಿ ಓದುವ ಹುಡುಗನ ಬುತ್ತಿ, ಮರೆತು ಬಿಟ್ಟುಹೋದ ಬೀಗದ ಕೈ, ಮುದುಕರ ಔಷಧಿ, ಮಗ್ಗದವರ ರೇಷ್ಮೆ ನೂಲು, ಮದುವೆಯ ಮಾತುಕತೆ ಎಲ್ಲವನ್ನೂ ಕಂಡಕ್ಟರ್ ಓಬಣ್ಣ ಮುಟ್ಟಿಸುತ್ತಿದ್ದ. ಅದರಂತೆಯೇ ಮಕ್ಕಳನ್ನೂ. ರಜೆ ಬಂತೆಂದರೆ ಅವ್ವ ನನಗೆ ತಲೆ ಬಾಚಿ, ಮುಖಕ್ಕೆ ಪೌಡರು ಬಳಿದು, ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಹೋಗಿ, "ಓಬಣ್ಣ, ಇವನ್ನ ಮೊಳಕಾಲ್ಮೂರಲ್ಲಿ ಅವರತ್ತೆ ಮನೆಗೆ ಮುಟ್ಟಿಸಪ್ಪ" ಎಂದು ಒಪ್ಪಿಸಿಬಿಡುವಳು. ನಾನು ಡ್ರೈವರ್ ಪಕ್ಕದ ಬಿಸಿ ಬಾನೆಟ್ಟಿನ ಮೇಲೆ ಗೋಣಿಚೀಲ ಹಾಸಿಕೊಂಡು ರಾಜನ ಹಾಗೆ ಕೂರುತ್ತಿದ್ದೆ. ಬಿ.ಜಿ. ಕೆರೆ ಬಂದಾಗ ಯಾರೋ ಶೇಂಗಾ ಕೊಡುವರು. ಅತ್ತೆ ಊರಲ್ಲಿ ಬಸ್ಸು ನಿಂತರೆ ಓಬಣ್ಣ ನನ್ನ ರಟ್ಟೆ ಹಿಡಿದು ಮನೆ ಬಾಗಿಲ ತನಕ ನಡೆಸಿಕೊಂಡು ಹೋಗುವನು. ಅಲ್ಲಿಯ ತನಕ ಇಡೀ ಬಸ್ಸು ಬಿಸಿಲಲ್ಲಿ ಕಾಯುತ್ತಿತ್ತು. ಯಾರೂ ಗೊಣಗಿದ್ದು ನನಗೆ ನೆನಪಿಲ್ಲ. ಅವರ ಮನೆಯ ಮಕ್ಕಳೂ ಹಾಗೇ ಹೋಗಿ ಬಂದವರು.

ಆ ವರ್ಷ ಅಭಿಗೆ ಶಿಶುವಿಹಾರ ಒಗ್ಗದೆ ದಿನಾ ಅಳಲು ಶುರುಮಾಡಿದಾಗ, ಅವ್ವ ದೊಡ್ಡಉಳ್ಳಾರ್ತಿಯಲ್ಲಿ ತಂಗಿಯ ಮನೆಯಲ್ಲಿದ್ದವಳು ಒಂದು ಚೀಲ ರಾಗಿ ಹಿಟ್ಟಿನೊಂದಿಗೆ ಬಂದಿಳಿದಳು. ಬಂದವಳಿಗೆ ಬೆಂಗಳೂರಿನಲ್ಲಿ ಎಲ್ಲ ಹಿಡಿಸಿತು, ಸಿಟಿ ಬಸ್ಸೊಂದು ಹಿಡಿಸಲಿಲ್ಲ. "ಇದೇನು ಬಸ್ಸಪ್ಪ, ಸಾವಿನ ಮನೆಯಾಗೆ ಕುಂತಂಗೆ ಕುಂತವರೆ. ಒಬ್ಬರಾದ್ರೂ ಯಾವೂರು ಅಂತ ಕೇಳಬಾರ್ದಾ?" ಅಂದಳು. ಆ ಕೊರತೆಯನ್ನು ಅವಳೇ ತುಂಬಿದಳು. ಪಕ್ಕದಲ್ಲಿ ಕೂತವರ ಊರು, ಮಕ್ಕಳೆಷ್ಟು, ಸೊಸೆ ಒಳ್ಳೆಯವಳೋ ಹೇಗೆ ಎಂದು ವಿಚಾರಿಸುವಳು. ನಾನು ಹಿಂದಿನ ಬಾಗಿಲ ಬಳಿ ನಿಂತು ಮುಜುಗರದಿಂದ ಮುದುಡುತ್ತಿದ್ದೆ. ಅವಳು ನನ್ನ ಜೊತೆ ಹಲವು ಸಲ ಸಿಂಧುವನ್ನು ಬಿಡಲು ಬಂದು ದಾರಿ, ಸ್ಟಾಪು, ಶಾಲೆಯ ಗೇಟು ಎಲ್ಲ ನೋಡಿಕೊಂಡಿದ್ದಳು. ಆದ್ದರಿಂದ ಒಂದು ದಿನ ನಾನು ಆಫೀಸಿನ ಕೆಲಸಕ್ಕೆ ಊರಿನ ಇನ್ನೊಂದು ಮೂಲೆಯ ಬ್ರಾಂಚಿಗೆ ಹೋಗಬೇಕಾಗಿ ಬಂದಾಗ, "ಅವ್ವ, ಇವತ್ತು ನೀನೇ ಸಿಂಧೂನ ಸ್ಕೂಲಿಗೆ ಬಿಟ್ಟು ಬಾ" ಅಂದೆ. "ಅದ್ಯಾವ ದೊಡ್ಡ ಕೆಲಸ" ಅಂದಳು. ಅಭಿಯನ್ನು ಪಕ್ಕದ ಮನೆಯ ಶಾರದಮ್ಮನವರ ಹತ್ತಿರ ಬಿಟ್ಟು, ಅಜ್ಜಿ ಮೊಮ್ಮಗಳು ಕೈಕೈ ಹಿಡಿದು ಹೊರಟರು.

ನಾನು ಸ್ನಾನ ಮುಗಿಸಿ, ಬಟ್ಟೆ ಹಾಕಿಕೊಂಡು, ಬೂಟಿನ ದಾರ ಕಟ್ಟುತ್ತಿದ್ದೆ. ಅವ್ವ ಒಳಗೆ ಬಂದಳು.

"ಯಾಕವ್ವ, ಬಸ್ಸು ಬರಲಿಲ್ವಾ?"

"ಬಂತು."

"ಮತ್ತೆ ಸಿಂಧು?"

"ಹೋದ್ಲು."

"ಯಾರ ಜೊತೆ ಹೋದ್ಲು?"

"ಕಂಡಕ್ಟರ್ ಕೈಗೆ ಕೊಟ್ಟು ಬಂದೆ. ಆಪಾಟಿ ಜನ ಐತೆ ಬಸ್ಸಲ್ಲಿ, ನಾನ್ಯಾಕೆ ಸುಮ್ನೆ ನಡುವೆ ಸಿಕ್ಕೊಳ್ಳಲಿ? ಸ್ಕೂಲ್ ಹತ್ರ ಇಳಿಸಿ ಒಳಕ್ಕೆ ಬಿಡಪ್ಪ ಅಂದೆ. ಆಗ್ಲಿ ಅಜ್ಜಿ ಅಂದ."

ನನ್ನ ಕೈಯಲ್ಲಿದ್ದ ಬೂಟಿನ ದಾರ ಅಲ್ಲೇ ನಿಂತಿತು. ಒಂದು ಕ್ಷಣ ಅವ್ವ ಏನು ಹೇಳಿದಳು ಎಂಬುದು ತಲೆಗೇ ಹೋಗಲಿಲ್ಲ. ಹೋದ ಮೇಲೆ ಎದ್ದು ನಿಂತೆ.

"ಯಾವ ಬಸ್ಸು? ನಂಬರೆಷ್ಟು?"

"ನಂಬರ್ ಯಾರಿಗೊತ್ತು? ಕಂಡಕ್ಟರ್ ಹೆಸರು ಮಂಜಣ್ಣ ಅಂತ. ಹಿರಿಯೂರು ತಾಲೂಕಿನವನು. ಅವರವ್ವಗೂ ನನ್ನಂಗೇ ಮಂಡಿನೋವಂತೆ. ಇನ್ನೂ ಮದುವೆ ಆಗಿಲ್ಲ."

"ಇಷ್ಟೆಲ್ಲ ಕೇಳೋ ತನಕ ಬಸ್ಸು ನಿಂತಿತ್ತಾ?"

"ನಿಲ್ಲದೆ ಏನ್ಮಾಡ್ತದೆ? ನಾನು ಮೆಟ್ಟಿಲ ಮೇಲೆ ಒಂದು ಕಾಲು ಇಟ್ಕಂಡಿದ್ದೆ."

ಅವಳ ಹತ್ತಿರ ಇನ್ನು ಮಾತಾಡಿ ಫಲವಿರಲಿಲ್ಲ. "ಇದೇನು ಚಳ್ಳಕೆರೆ ಅಂದ್ಕೊಂಡಿದ್ದೀಯೇನವ್ವ?" ಎಂದು ಒಂದು ಮಾತು ಕೂಗಿ ಓಡಿದೆ. ಆಟೋ ಸಿಕ್ಕಿತು. "ಸ್ಕೂಲಿಗೆ ಬಿಡಿ, ದಾರೀಲಿ ಒಂದು ಬಸ್ಸು ಸಿಕ್ಕಿದರೆ ನಿಲ್ಲಿಸಬೇಕು" ಅಂದೆ. "ಯಾವ ಬಸ್ಸು ಸಾರ್?" ಎಂದು ಅವನು ಕೇಳಿದ. ಏನೆಂದು ಹೇಳಲಿ? ತಾಯಿಗೆ ಮಂಡಿನೋವಿರುವ, ಇನ್ನೂ ಮದುವೆಯಾಗದ ಕಂಡಕ್ಟರ್ ಇರುವ ಬಸ್ಸು ಅನ್ನಲೇ? "ಎಲ್ಲ ಬಸ್ಸನ್ನೂ ನೋಡ್ತಾ ಹೋಗಿ" ಅಂದೆ. ಅವನು ಕನ್ನಡಿಯಲ್ಲಿ ನನ್ನ ಮುಖವನ್ನು ಒಮ್ಮೆ ನೋಡಿ ಗಲ್ಲಿಗಳಲ್ಲಿ ನುಗ್ಗಿಸಿದ.

ಭಯವಾದಾಗ ಮನುಷ್ಯನ ಬುದ್ಧಿ ಎಷ್ಟು ಚುರುಕಾಗುತ್ತದೆ ನೋಡಿ. ಆ ಸ್ವಲ್ಪ ದಾರಿಯಲ್ಲಿ ನಾನು ಕಲ್ಪಿಸಿಕೊಳ್ಳದ ಅನಾಹುತವಿಲ್ಲ. ಕಂಡಕ್ಟರ್ ರಶ್ಶಿನಲ್ಲಿ ಮರೆತಿದ್ದಾನೆ. ಮಗು ಕೊನೆಯ ಸ್ಟಾಪಿನಲ್ಲಿ ಇಳಿದು ಅಳುತ್ತಿದೆ. ಇಲ್ಲ, ಯಾರೋ 'ಬಾ ಪುಟ್ಟಿ' ಎಂದು ಕರೆದುಕೊಂಡು ಹೋಗಿದ್ದಾರೆ. ಇಲ್ಲ, ಸ್ಟಾಪಿನಲ್ಲಿ ಇಳಿಸಿದ್ದಾನೆ, ಆದರೆ ರಸ್ತೆ ದಾಟಿಸಿಲ್ಲ. ಸ್ಟಾಪಿಗೂ ಶಾಲೆಗೂ ನಡುವೆ ದೊಡ್ಡ ರಸ್ತೆ. ಲಾರಿಗಳು ಬಿಡುವಿಲ್ಲದೆ ಓಡಾಡುವ ಆ ರಸ್ತೆಯನ್ನು ದಾಟಲು ನನಗೇ ದಿನಾ ದೇವರ ನೆನಪಾಗುತ್ತಿತ್ತು. ಸಿಂಧು ಬಾಯಿಬಡುಕಿ, ಜಾಣೆ, ಎಲ್ಲ ನಿಜ. ಆದರೆ ಎಡಗಡೆ ಯಾವುದು ಬಲಗಡೆ ಯಾವುದು ಎಂದು ಕೇಳಿದರೆ ಊಟ ಮಾಡುವ ಕೈಯನ್ನು ಒಮ್ಮೆ ಎತ್ತಿ ನೋಡಿಕೊಳ್ಳುವವಳು.

ಶಾಲೆಯ ಗೇಟಿನಲ್ಲಿದ್ದ ಆಯಾಳನ್ನು ಕೇಳಿದೆ. "ಸಿಂಧು ಇನ್ನೂ ಬಂದಿಲ್ಲ ಸರ್" ಅಂದಳು. ಗಲ್ಲಿಗಳಲ್ಲಿ ಬಂದ ಆಟೋ ಬಸ್ಸಿಗಿಂತ ಮುಂಚೆ ಬಂದಿರಬಹುದು. ಹಾಗೆಂದು ನನಗೆ ನಾನೇ ಹೇಳಿಕೊಂಡೆ. ನನ್ನನ್ನು ನಾನೇ ನಂಬಲಿಲ್ಲ. ರಸ್ತೆ ದಾಟಿ ಸ್ಟಾಪಿನಲ್ಲಿ ನಿಂತೆ. ಒಂದು ಬಸ್ಸು ಬಂತು. ಜನ ಇಳಿದರು, ಸಿಂಧು ಇರಲಿಲ್ಲ. ಇನ್ನೊಂದು ಬಂತು. ಅದರಲ್ಲೂ ಇರಲಿಲ್ಲ. ಕಂಡಕ್ಟರನ್ನು "ನೀವು ಮಂಜಣ್ಣನಾ?" ಎಂದು ಕೇಳಿದೆ. ಅವನು "ಅಲ್ಲ, ಯಾಕೆ?" ಎನ್ನುವಷ್ಟರಲ್ಲಿ ಬಸ್ಸು ಮುಂದೆ ಹೋಯಿತು. ಬೇರೆ ಮಕ್ಕಳು ಅಪ್ಪಂದಿರ ಕೈ ಹಿಡಿದು ನಲಿಯುತ್ತಾ ಗೇಟಿನೊಳಗೆ ಹೋಗುತ್ತಿದ್ದರು. ಶಾಲೆಯ ಮೊದಲ ಗಂಟೆ ಹೊಡೆಯಿತು. ನಮ್ಮೂರ ಕಡೆಯ ಗೌರಸಮುದ್ರದ ಮಾರಮ್ಮನನ್ನು ಮನಸ್ಸಿನಲ್ಲೇ ಕರೆದೆ. ಬಹಳ ದಿನದಿಂದ ಅವಳನ್ನು ಕರೆದಿರಲಿಲ್ಲ; ವಿಳಾಸ ನೆನಪಿತ್ತು.

ಮೂರನೆಯ ಬಸ್ಸು ಬಂದು ನಿಂತಿತು; ನಾವು ದಿನಾ ಹತ್ತುವ ಬಸ್ಸಲ್ಲ, ಪರಿಚಯದ ಮುಖವೊಂದೂ ಇಲ್ಲ. ಮೊದಲು ಮುಂದಿನ ಬಾಗಿಲಿನಿಂದ ಕೈಚೀಲ ಹಿಡಿದ ಒಬ್ಬ ನಡುವಯಸ್ಸಿನ ಹೆಂಗಸು ಇಳಿದರು. ಆಮೇಲೆ ಕಾಲೇಜಿನ ಹುಡುಗಿಯೊಬ್ಬಳು, ಹೆಗಲ ಮೇಲೆ ಸಿಂಧುವಿನ ಸ್ಕೂಲ್ ಬ್ಯಾಗ್. ಆಮೇಲೆ ಸಿಂಧು. ಯಾರೋ ಒಳಗಿನಿಂದ ನೀರಿನ ಬಾಟಲಿಯನ್ನು ಕಿಟಕಿಯಲ್ಲಿ ಇಳಿಸಿದರು. ಕಂಡಕ್ಟರ್ ಸೀಟಿಯನ್ನು ಬಾಯಲ್ಲಿ ಕಚ್ಚಿಕೊಂಡು, ಊದದೆ, ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದ. ಹಿಂದೆ ನಿಂತ ಗಾಡಿಗಳು ಹಾರನ್ ಬಡಿಯುತ್ತಿದ್ದವು. ನನಗೆ ಕಣ್ಣಲ್ಲಿ ನೀರು ಬಂತು. ಓಡಿಹೋಗಿ ಕೈ ಚಾಚಿದೆ.

ಆ ಹೆಂಗಸು ಮಗುವನ್ನು ತಮ್ಮ ಹಿಂದಕ್ಕೆ ಎಳೆದುಕೊಂಡರು.

"ಯಾರ್ರೀ ನೀವು?"

"ನಾನು ಇವಳಪ್ಪ."

"ಹಾಗಂತ ಯಾರು ಬೇಕಾದರೂ ಹೇಳಬಹುದು. ಇವರಜ್ಜಿ ಏನು ಹೇಳಿದ್ದಾರೆ ಗೊತ್ತಾ? ಸ್ಕೂಲಿನ ಗೇಟಿನ ಒಳಗೆ ಬಿಡೋ ತನಕ ಮಧ್ಯೆ ಯಾರು ಬಂದು ಕರೆದರೂ ಕೊಡಬೇಡಿ ಅಂತ. ಇಡೀ ಬಸ್ಸಿಗೇ ಹೇಳಿದ್ದಾರೆ."

"ಬೇಕಾದ್ರೆ ಮಗೂನೇ ಕೇಳಿ."

ಅವರು ಬಗ್ಗಿ ಕೇಳಿದರು. "ಪುಟ್ಟಿ, ಇವರು ನಿಮ್ಮಪ್ಪಾನಾ?"

ಸಿಂಧು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಹೌದು. ಆದ್ರೆ ಅಜ್ಜಿ ಅಪ್ಪನ ಕೈಗೆ ಕೊಡಿ ಅಂತ ಹೇಳಿಲ್ಲ."

ಅಲ್ಲಿಗೆ ನನ್ನ ಅರ್ಜಿ ವಜಾ ಆಯಿತು. ಕಾಲೇಜಿನ ಹುಡುಗಿ ಕೈ ಎತ್ತಿ ಲಾರಿಗಳನ್ನು ನಿಲ್ಲಿಸಿದಳು. ಹೆಂಗಸು ಸಿಂಧುವಿನ ಕೈ ಹಿಡಿದು ರಸ್ತೆ ದಾಟಿಸಿದರು. ಎಲ್ಲರ ಹಿಂದೆ ನಾನು, ನೀರಿನ ಬಾಟಲಿ ಹಿಡಿದುಕೊಂಡು. ಅಷ್ಟು ಜವಾಬ್ದಾರಿಯನ್ನು ನನಗೂ ವಹಿಸಿದ್ದರು. ಗೇಟಿನ ಒಳಗೆ ಕಾಲಿಟ್ಟ ಮೇಲೆ ಸಿಂಧು ತಿರುಗಿ ಬಸ್ಸಿನ ಕಡೆ ಕೈ ಬೀಸಿದಳು. ಕಿಟಕಿಗಳಲ್ಲಿ ಅಷ್ಟೂ ಜನ ಕೈ ಬೀಸಿದರು. ಸಾವಿನ ಮನೆಯಲ್ಲಿ ಕೂತ ಹಾಗೆ ಕೂರುತ್ತಾರೆಂದು ಅವ್ವ ಬೈದದ್ದು ಇಂಥ ಬಸ್ಸನ್ನೇ, ಇಂಥ ಜನರನ್ನೇ. ಆಗ ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೊರಡುವಾಗ ರಸ್ತೆಯಾಚೆಯಿಂದ ನನಗೆ ಕೂಗಿ ಹೇಳಿದ: "ಸಾರ್, ಅಜ್ಜಿಗೆ ಹೇಳ್ರಿ, ಮುಟ್ಟಿಸಿದೆ ಅಂತ!"

ನಾನು ಕೈ ಎತ್ತಿ ಆಗಲಿ ಅಂದೆ.

ಅಲ್ಲಿಂದ ಸೀದಾ ಬ್ರಾಂಚ್ ಆಫೀಸಿಗೆ ಹೋದೆ. ಭಯ ಹೋದ ಜಾಗಕ್ಕೆ ಸಿಟ್ಟು ಬಂದು ಕೂತಿತ್ತು. ಅವ್ವನಿಗೆ ಏನೇನು ಹೇಳಬೇಕು ಎಂದು ದಾರಿಯುದ್ದಕ್ಕೂ ಜೋಡಿಸಿಕೊಂಡೆ. ಬೆಂಗಳೂರು ಎಂದರೇನು, ಇಲ್ಲಿ ಯಾರನ್ನು ನಂಬಬೇಕು, ಯಾರನ್ನು ನಂಬಬಾರದು, ಕಾಲ ಎಷ್ಟು ಕೆಟ್ಟಿದೆ. ಬೆಳಿಗ್ಗೆ ನಡೆದದ್ದು ಇದಕ್ಕೆ ಪೂರಾ ವಿರುದ್ಧ ಸಾಕ್ಷಿ ಹೇಳುತ್ತಿತ್ತು. ಆದರೆ ಸಿಟ್ಟಿನಲ್ಲಿರುವವನು ಸಾಕ್ಷಿಗಳನ್ನು ಕರೆಸುವುದಿಲ್ಲ. ಉಮಾಳ ವಿಷಯದಲ್ಲಂತೂ ನನಗೆ ಸಂಶಯವೇ ಇರಲಿಲ್ಲ. ಅವಳಿಗೆ ಸಿಟ್ಟು ಬಂದರೆ ತೆಲುಗು ಬರುತ್ತದೆ. ಮೊಳಕಾಲ್ಮೂರಿನವರಿಗೆ ಆಂಧ್ರದ ಗಡಿ ಅಷ್ಟು ಹತ್ತಿರ. ಇವತ್ತು ಅವ್ವನ ಪಾಲಿಗೆ ಒಂದಿಷ್ಟು ತೆಲುಗು ಕಾದಿದೆ, ನಾನು ನಡುವೆ ನಿಂತು ಸಮಾಧಾನ ಮಾಡಬೇಕಾದೀತು ಎಂದು ಲೆಕ್ಕ ಹಾಕಿದ್ದೆ.

ಸಂಜೆ ಮನೆಗೆ ಬಂದಾಗ ತೆಲುಗು ನನಗಾಗಿ ಕಾಯುತ್ತಿತ್ತು.

"ಮೀಕು ಬುದ್ಧಿ ಉಂದಾ?" ಅಂದಳು ಉಮಾ. ನಾನು ಇನ್ನೂ ಬೂಟು ಬಿಚ್ಚಿರಲಿಲ್ಲ. "ಶಾರದಮ್ಮನವರ ಮನೆಗೆ ಒಂದು ಫೋನ್ ಮಾಡೋಕೆ ಏನಾಗಿತ್ತು ನಿಮಗೆ? ಮಗು ಸ್ಕೂಲ್ ಸೇರಿದಾಳೆ ಅಂತ ಒಂದು ಮಾತು?"

ಆಮೇಲೆ ಕನ್ನಡದಲ್ಲಿ ವಿವರ ಬಂತು. ಉಮಾ ಪಾಳಿ ಮುಗಿಸಿ, ಎಂದಿನಂತೆ ಸಿಂಧುವನ್ನು ಶಾಲೆಯಿಂದ ಕರೆದುಕೊಂಡು ಮನೆಗೆ ಬಂದಾಗ ಅವ್ವ ಹೊರಗಿನ ಮೆಟ್ಟಿಲ ಮೇಲೆ ಅಭಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದಳಂತೆ. ಸಿಂಧು ತಿರುವಿನಲ್ಲಿ ಕಂಡದ್ದೇ ತಡ, ಎದ್ದು ನಿಂತು, ಸೆರಗಿನಿಂದ ಮುಖ ಒರೆಸಿಕೊಂಡಳಂತೆ. ಉಮಾ ಒಳಗೆ ಹೋಗಿ ನೋಡಿದರೆ ಬೆಳಿಗ್ಗೆ ಮುಚ್ಚಿಟ್ಟ ಮುದ್ದೆ ಮುಚ್ಚಿಟ್ಟ ಹಾಗೇ ಇತ್ತು. ಅಭಿಗೆ ಉಣಿಸಿದ್ದಾಳೆ, ತಾನು ಒಂದು ತುತ್ತು ಬಾಯಿಗೆ ಇಟ್ಟಿಲ್ಲ. ಮಧ್ಯಾಹ್ನ ಶಾರದಮ್ಮ ಬಂದು ಕಾಫಿ ಕೊಟ್ಟರೆ ಅದನ್ನೂ ಕುಡಿದಿಲ್ಲ.

ಅವ್ವ ಒಳಗೆ ಸಿಂಧುವಿಗೆ ಜಡೆ ಬಿಚ್ಚುತ್ತಾ ಕೂತಿದ್ದಳು. "ಬಿಡವ್ವ ಉಮಾ, ದುಡಿದು ಬಂದವನೆ, ಮೊದ್ಲು ಕೈಕಾಲು ತೊಳ್ಕಳ್ಳಲಿ" ಅಂದಳು.

ನಾನು ಹತ್ತಿರ ಹೋಗಿ ಕೂತೆ. ಜೋಡಿಸಿಟ್ಟುಕೊಂಡಿದ್ದ ಮಾತುಗಳಲ್ಲಿ ಒಂದೂ ಉಳಿದಿರಲಿಲ್ಲ. "ಅಷ್ಟು ಹೆದರಿಕೆ ಇದ್ರೆ ಯಾಕವ್ವ ಕೊಟ್ಟೆ?" ಎಂದು ಕೇಳಿದೆ.

"ಹೆದರಿಕೆ ಯಾರಿಗಿಲ್ಲ?" ಅಂದಳು ಅವ್ವ. "ಕೊಡೋ ಹೊತ್ತಿಗೆ ಆ ಹುಡುಗನ ಮುಖ ನೋಡಿ ಕೊಟ್ಟೆ. ಕೊಟ್ಟ ಮೇಲೆ ಹೊಟ್ಟೆ ಕೇಳ್ತದಾ? ನಿನ್ನ ಅತ್ತೆ ಮನೆಗೆ ಕಳಿಸ್ತಿದ್ನಲ್ಲ, ಅವಾಗ್ಲೂ ಹಂಗೇ. ಓಬಣ್ಣ ಸಂಜೆ ಬಸ್ಸಲ್ಲಿ ವಾಪಸ್ ಬಂದು 'ಮುಟ್ಟಿಸಿದೆ ಕಣಕ್ಕ' ಅನ್ನೋ ಮಟ ನನ್ನ ಗಂಟ್ಲಾಗೆ ನೀರು ಇಳೀತಿರಲಿಲ್ಲ. ಅವನಿಗೂ ಗೊತ್ತಿತ್ತು. ಅದಕ್ಕೇ ಬಸ್ಸು ನಿಂತ ಕೂಡ್ಲೆ ಮೊದ್ಲು ನಮ್ಮನಿ ತಾವ ಬಂದು ಹೇಳಿ ಹೋಗ್ತಿದ್ದ. ಇವತ್ತು ಯಾರೂ ಬಂದು ಹೇಳಲಿಲ್ಲ, ಅಷ್ಟೇಯ."

ಇದನ್ನು ದೂರಾಗಿ ಹೇಳಲಿಲ್ಲ ಅವಳು. ಹೇಳುತ್ತಲೇ ಸಿಂಧುವಿನ ಕೂದಲಿನ ಸಿಕ್ಕು ಬಿಡಿಸುತ್ತಿದ್ದಳು. ಬಾನೆಟ್ಟಿನ ಮೇಲೆ ರಾಜನ ಹಾಗೆ ಕೂತು ಶೇಂಗಾ ತಿನ್ನುತ್ತಾ ಹೋದ ಆ ರಜೆಗಳಲ್ಲಿ ಚಳ್ಳಕೆರೆಯಲ್ಲಿ ಒಬ್ಬಳು ಉಪವಾಸ ಕೂತಿದ್ದಳೆಂದು ನನಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ. ಅದು ಗೊತ್ತಾದ ಹೊತ್ತಿಗೆ ಇನ್ನೊಂದೂ ನೆನಪಾಯಿತು. ಅವತ್ತು ಮಧ್ಯಾಹ್ನ ಬ್ರಾಂಚಿನವರು ನನ್ನನ್ನು ಹತ್ತಿರದ ಮೆಸ್ಸಿಗೆ ಕರೆದುಕೊಂಡು ಹೋಗಿದ್ದರು. ಮಗುವನ್ನು ಕಂಡಕ್ಟರಿಗೆ ಒಪ್ಪಿಸಿ ನೆಮ್ಮದಿಯಾಗಿ ಮನೆಗೆ ಬಂದು ಕೂತ ಹಳ್ಳಿ ಅವ್ವನ ಕಥೆಯನ್ನು ನಾನು ಬಣ್ಣ ಕಟ್ಟಿ ಹೇಳಿದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಖುಷಿಯಲ್ಲಿ ನಾನು ಇನ್ನೊಂದು ಸಲ ಅನ್ನ ಸಾರು ಹಾಕಿಸಿಕೊಂಡಿದ್ದೆ.

ಇದನ್ನು ನಾನು ಉಮಾಗೆ ಹೇಳಲಿಲ್ಲ. ಆ ಸಂಜೆಗೆ ಅಷ್ಟು ತೆಲುಗು ಸಾಕಾಗಿತ್ತು.

ಮರುದಿನದಿಂದ ಸಿಂಧುವನ್ನು ನಾನೇ ಬಿಡುತ್ತಿದ್ದೆ, ಹಿಂದಿನಂತೆಯೇ. ಆಫೀಸಿಗೆ ಹೋಗಿ ಚೀಲ ಇಡುವ ಮೊದಲೇ ಶಾರದಮ್ಮನವರ ಮನೆಗೆ ಫೋನ್ ಮಾಡುತ್ತಿದ್ದೆ. "ಅವ್ವನಿಗೆ ಹೇಳಿ, ಮುಟ್ಟಿತು" ಎಂದಷ್ಟೇ ಹೇಳಿ ಇಟ್ಟುಬಿಡುತ್ತಿದ್ದೆ. ನನ್ನ ಪಕ್ಕದ ಮೇಜಿನವರು ಇವನು ಗುಟ್ಟಾಗಿ ಏನೋ ವ್ಯಾಪಾರ ಇಟ್ಟುಕೊಂಡಿದ್ದಾನೆ ಅಂದುಕೊಂಡಿದ್ದರು. ಅಂದುಕೊಳ್ಳಲಿ. ಶಾರದಮ್ಮ ಗೋಡೆಯಾಚೆಯಿಂದ ಕೂಗಿ ಹೇಳಿದ ಮೇಲೆ ಅವ್ವ ತಟ್ಟೆ ಹಾಕಿಕೊಳ್ಳುತ್ತಿದ್ದಳಂತೆ.